ಸುಮಾರು 200 ಪ್ರಬಂಧ ಬರೆದ ನೊಗುಚಿ: ಸೆಮಿನಾರಿನಲ್ಲಿ ಏನಂತ ಹೇಳಲಿ?

ತುಂಗಾ ತೀರ:
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಎಂ.ಎಸ್ಸಿ. ಮೈಕ್ರೋಬಯಾಲಜಿ ಕೊನೆಯ ವರ್ಷದಲ್ಲಿದ್ದೇನೆ. ಲೈಂಗಿಕವಾಗಿ ಹರಡುವ ಸೋಂಕುಗಳ ಮೇಲೆ ಕೆಲಸ ಮಾಡಿದ ಯಾರಾದರೊಬ್ಬ ಸಂಶೋಧಕರ ಪ್ರಕಟಣೆಗಳ ಪಟ್ಟಿ ತೆಗೆದುಕೊಂಡು, ಅದರ ಬೆಲೆ ಏನು ಅಂತ ಸೆಮಿನಾರಿನಲ್ಲಿ ಹೇಳಬೇಕು. ನಾನು ಆರಿಸಿಕೊಂಡದ್ದು ಜಪಾನಿನ ಹಿಡೆಯೊ ನೊಗುಚಿಯನ್ನು. ಸಿಫಿಲಿಸ್ ಪಾಠದಲ್ಲಿ ಹೆಸರು ಬಂದಿತ್ತು. ಹಳ್ಳಿಯ ಬಡ ಮನೆಯಲ್ಲಿ 1876ರಲ್ಲಿ ಹುಟ್ಟಿ, ಕೂಸಾಗಿದ್ದಾಗ ಒಲೆಗೆ ಬಿದ್ದು ಎಡಗೈ ಸುಟ್ಟುಕೊಂಡು, ಅಮೆರಿಕಕ್ಕೆ ಹೋಗಿ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿದವರು ಅಂತ ಓದಿ ಮನಸ್ಸು ತುಂಬಿ ಬಂತು.

ಕಷ್ಟ ಶುರುವಾದದ್ದು ಆಮೇಲೆ. ಸುಮಾರು 200 ಪ್ರಬಂಧ ಬರೆದಿದ್ದಾರೆ. ನೊಬೆಲ್‌ಗೆ ಹಲವು ಸಲ ನಾಮನಿರ್ದೇಶನ ಆಗಿದೆ. 2004ರಿಂದ 2024ರವರೆಗೆ ಜಪಾನಿನ 1000 ಯೆನ್ ನೋಟಿನ ಮೇಲೆ ಅವರದೇ ಮುಖ. ಆದರೆ ಹುಡುಕುತ್ತಾ ಹೋದರೆ ಒಂದು ಕಡೆ "ಮಹಾನ್ ವಿಜ್ಞಾನಿ" ಅಂತಿದೆ, ಇನ್ನೊಂದು ಕಡೆ "ಅವರ ಕೆಲಸದ ಬಹುಪಾಲು ತಪ್ಪು" ಅಂತಿದೆ. ಸಿಫಿಲಿಸ್ ಜೀವಿಯನ್ನು ಕೊಳವೆಯಲ್ಲಿ ಬೆಳೆಸಿದೆ ಅಂತ 1911ರಲ್ಲಿ ಬರೆದರಂತೆ, ಅದನ್ನು ಯಾರೂ ಮತ್ತೆ ಮಾಡಲಾಗಲಿಲ್ಲವಂತೆ. ನಾನು ಯಾವ ಕಡೆ ನಿಲ್ಲಲಿ? ಬಲ್ಲವರು ದಯವಿಟ್ಟು ದಾರಿ ತೋರಿಸಿ.

ಧಾರವಾಡ ಪೇಡೆ:
ತಂಗಿ, ಒಳ್ಳೇ ವಿಷಯ ಹಿಡದೀ. ನಾನೂ ಪಿಎಚ್.ಡಿ. ಮಾಡಾಕತ್ತೀನಿ, ಅದಕ್ಕ ನೇರ ಹೇಳ್ತೀನಿ. 200 ಅನ್ನೋ ಅಂಕಿ ಮೊದಲ ಸ್ಲೈಡಿನಾಗ ಹಾಕಬ್ಯಾಡ. ಅದನ್ನ ನೋಡಿದ ಕೂಡಲೇ ಕೇಳೋರ ತಲ್ಯಾಗ ತೀರ್ಪು ಆಗಿಬಿಡತೈತಿ.

ನಮ್ಮ ಕಡೆ ಹುಡುಗರು ಗೈಡ್ ಹುಡುಕುವಾಗ ಇದನ್ನ ಮಾಡ್ತಾರ. "ಅವರದು 180 ಪೇಪರ್ ಐತಿ, ಇವರದು ಬರೇ 22" ಅಂತ. ನಾನೂ ಹಂಗ ಎಣಿಸಿದಾಂವ. ಎಂ.ಎಸ್ಸಿ. ಮುಗಿಸಿದ ವರ್ಷ ಒಂದು ಪತ್ರಿಕೆಗೆ ರೊಕ್ಕ ಕಟ್ಟಿ ಪ್ರಬಂಧ ಹಾಕಿಸಿದೆ. ಒಂಬತ್ತು ದಿನದಾಗ ಒಪ್ಪಿಗೆ ಬಂತು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಹೋಲಿಕೆಗೆ ಇಟ್ಟ ನನ್ನ ಕಂಟ್ರೋಲ್ ಪ್ಲೇಟಿನಾಗ ಬ್ಯಾರೆ ಜೀವಿ ಸೇರಿ ಕಂಟ್ಯಾಮಿನೇಶನ್ ಆಗಿತ್ತು, ಅದನ್ನ ಸುದ್ದಾ ಯಾರೂ ಕೇಳಲಿಲ್ಲ. ಆ ಪ್ರಬಂಧ ಇವತ್ತಿಗೂ ನನ್ನ ಪಟ್ಟಿಯಾಗ ಐತಿ. ನೋಡಿದಾಗೊಮ್ಮೆ ಹೊಟ್ಯಾಗ ಸಂಕಟ ಆಗತೈತಿ.

ಒಂದೊಂದು ಪ್ರಬಂಧ ತಗೊಂಡು "ಇದನ್ನ ಬ್ಯಾರೆಯವರು ಮಾಡಿ ನೋಡ್ಯಾರೇನು?" ಅಂತ ಕೇಳ್ಕೋತ ಹೋಗು. ಕಡೀ ತನಕ ಅದೊಂದೇ ಪ್ರಶ್ನೆ.

ಹಳೇ ಮೇಷ್ಟ್ರು:
ಮಗೂ, ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ, ಬಿಡುವಿದೆ. ಸ್ವಲ್ಪ ದೊಡ್ಡದಾಗಿ ಬರೆಯುತ್ತೇನೆ.

ಮೊದಲು ಆ ಕಾಲ ಹೇಗಿತ್ತು ನೋಡು. ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್ ಹುಣ್ಣಿನ ರಸದಲ್ಲಿ ತೆಳ್ಳನೆಯ, ಬಣ್ಣ ಹಿಡಿಯದ ಸುರುಳಿ ಜೀವಿಯನ್ನು ಕಂಡದ್ದು 1905ರಲ್ಲಿ. ಅದೇ ಟ್ರೆಪೊನೆಮಾ ಪ್ಯಾಲಿಡಮ್. ಪ್ಯಾಲಿಡಮ್ ಅಂದರೆ ಪೇಲವ ಅಂತಲೇ ಅರ್ಥ. 1906ರಲ್ಲಿ ವಾಸರ್‌ಮನ್ ರಕ್ತಪರೀಕ್ಷೆ ಬಂತು. ಜೀವಿ ಕಣ್ಣಿಗೆ ಬಿತ್ತು, ರಕ್ತದಲ್ಲಿ ಗುರುತು ಸಿಕ್ಕಿತು. ಉಳಿದದ್ದು ಅದನ್ನು ಬೆಳೆಸುವುದು. ಬೆಳೆಸಲಾಗದೆ ಇದ್ದರೆ, ಒಂದು ಜೀವಿಯೇ ರೋಗಕ್ಕೆ ಕಾರಣ ಅಂತ ಸಾಬೀತು ಮಾಡಲು ಕಾಖ್ ಹೇಳಿದ ನಿಯಮಗಳು ಪೂರ್ತಿಯಾಗುವುದಿಲ್ಲ. ಯುರೋಪಿನ ದೊಡ್ಡ ಲ್ಯಾಬುಗಳೆಲ್ಲ ಅದರ ಹಿಂದೆ ಬಿದ್ದಿದ್ದವು.

ನೊಗುಚಿಯ ವಿಧಾನ ಹೀಗಿತ್ತು. ಉದ್ದನೆಯ ಕೊಳವೆ. ಅದರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಯಿಂದ ತೆಗೆದ ದ್ರವ, ಅಗರ್, ತಳದಲ್ಲಿ ಮೊಲದ ಅಂಗಾಂಶದ ಹಸಿ ತುಂಡು. ಗಾಳಿ ತಾಗದಂತೆ ಮೇಲೆ ಪ್ಯಾರಾಫಿನ್ ಎಣ್ಣೆಯ ಪದರ. ಎಷ್ಟೋ ದಿನ ಕಾಯಬೇಕು. ಜೊತೆಗೆ ಬರುವ ಬೇರೆ ಬ್ಯಾಕ್ಟೀರಿಯಾಗಳಿಂದ ಸುರುಳಿಗಳನ್ನು ಬಿಡಿಸಿಕೊಳ್ಳಬೇಕು. ಇದನ್ನು ಮಾಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಅವರಿಗಿತ್ತು. ಈ ವಿಧಾನದಲ್ಲಿ ಅವರು ಬಾಯಿಯಲ್ಲಿರುವ ಸುರುಳಿ ಜೀವಿಗಳನ್ನು, ಜನನಾಂಗದ ಮೇಲೆ ಯಾರಿಗೂ ತೊಂದರೆ ಕೊಡದೆ ಬದುಕುವ ಸುರುಳಿ ಜೀವಿಗಳನ್ನು ಬೆಳೆಸಿದ್ದು ನಿಜ. ಆ ಕೆಲಸವನ್ನು ಅಲ್ಲಗಳೆಯುವಂತಿಲ್ಲ.

ತಪ್ಪಿದ್ದು ಎಲ್ಲಿ? ಸಿಫಿಲಿಸ್ ಮಾದರಿಯಿಂದ ಕೊಳವೆಗೆ ಹೋದದ್ದು ಒಂದೇ ಜೀವಿಯಲ್ಲ. ಪ್ಯಾಲಿಡಮ್ ಸತ್ತಿತು, ಅದರ ನಿರುಪದ್ರವಿ ದಾಯಾದಿ ಬೆಳೆಯಿತು. ನೋಡಲು ಎರಡೂ ಒಂದೇ ತರಹ. ಇವತ್ತು ನೊಗುಚಿ ತಳಿ ಅಂತ ಉಳಿದಿರುವುದು ಸಿಫಿಲಿಸ್ ತರಿಸುವ ಜೀವಿಯಲ್ಲ.

ಕಡಲ ಕರೆ:
ಮೇಷ್ಟ್ರೇ, ಮೇಲೆ ಒಂದು ಮಾತು ಸೇರಿಸ್ತೇನೆ. ಪ್ಯಾಲಿಡಮ್ ಯಾಕೆ ಬೆಳೆಯಲಿಲ್ಲ ಅಂತ ಗೊತ್ತಾದದ್ದು 1998ರಲ್ಲಿ, ಪೂರ್ತಿ ಜೀನೋಮ್ ಓದಿದ ಮೇಲೆ. ಬರೀ 11.4 ಲಕ್ಷ ಡಿ.ಎನ್.ಎ. ಅಕ್ಷರ. ಆಹಾರದಿಂದ ಶಕ್ತಿ ತೆಗೆಯುವ ಕ್ರೆಬ್ಸ್ ಚಕ್ರದ ಜೀನುಗಳೇ ಇಲ್ಲ. ಕೊಬ್ಬಿನಾಮ್ಲ ಮಾಡಲಿಕ್ಕೆ ಬರುವುದಿಲ್ಲ, ಅಮೈನೊ ಆಮ್ಲ ಹೆಚ್ಚಿನದು ಮಾಡಲಿಕ್ಕೆ ಬರುವುದಿಲ್ಲ. ಎಲ್ಲ ನಮ್ಮ ಮೈಯಿಂದಲೇ ಎತ್ತಿಕೊಳ್ಳಬೇಕು. ಒಂದು ಎರಡಾಗಲಿಕ್ಕೆ 30 ಗಂಟೆಗೂ ಮೇಲೆ ಬೇಕು, ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸಾಕಾಗುವುದು 20 ನಿಮಿಷ. ಆಮ್ಲಜನಕ ಜಾಸ್ತಿ ಆದರೂ ಸಾಯ್ತದೆ, ಪೂರ್ತಿ ಇಲ್ಲದಿದ್ದರೂ ಆಗುವುದಿಲ್ಲ. ನೊಗುಚಿ ಗಾಳಿಯನ್ನು ಪೂರ್ತಿ ಮುಚ್ಚಿದರು ನೋಡಿ, ಅಲ್ಲಿಯೇ ಅದರ ಕತೆ ಮುಗಿದಿರಬೇಕು.

ಕೊಳವೆಯಲ್ಲಿ ತಿಂಗಳುಗಟ್ಟಲೆ ಬೆಳೆಸಿದ್ದು 2018ರಲ್ಲಿ, ಹೂಸ್ಟನ್ನಿನ ಎಡ್ಮಂಡ್‌ಸನ್, ಹು ಮತ್ತು ನಾರಿಸ್. ಬರೀ ಸಾರಿನಲ್ಲಿ ಅಲ್ಲ, ಮೊಲದ ಚರ್ಮದ ಜೀವಂತ ಕೋಶಗಳ ಹಾಸಿನ ಮೇಲೆ. ಆಮ್ಲಜನಕ 1.5 ಶೇಕಡಾ, ಉಷ್ಣತೆ 34 ಡಿಗ್ರಿ. 1911ರಿಂದ ಲೆಕ್ಕ ಹಾಕಿ, 107 ವರ್ಷ. ಬೆಳೆಸಿದ ಮೇಲೆ ಮೊಲಕ್ಕೆ ಚುಚ್ಚಿ, ಸೋಂಕು ತರಿಸುವ ಶಕ್ತಿ ಉಳಿದಿದೆ ಅಂತಲೂ ತೋರಿಸಿದ್ದಾರೆ.

ತುಂಗಾ ತೀರ:
107 ವರ್ಷ! ನಾನು ಈ ಎರಡನ್ನೂ ಜೋಡಿಸಿ ನೋಡಿರಲೇ ಇಲ್ಲ. ಧನ್ಯವಾದ ಸಾರ್.

ಹಾಗಾದರೆ ಅಷ್ಟು ವರ್ಷ ಬೇರೆಯವರು ಸಂಶೋಧನೆ ಮಾಡಿದ್ದು ಯಾವ ಜೀವಿಯ ಮೇಲೆ? ಬೆಳೆಸಲು ಆಗದಿದ್ದರೆ ಸಿಫಿಲಿಸ್ ಪತ್ತೆಯ ಟಿ.ಪಿ.ಎಚ್.ಎ. ರಕ್ತಪರೀಕ್ಷೆಯ ಕಿಟ್ಟಿಗೆ ಆಂಟಿಜೆನ್, ಅಂದರೆ ಆ ಜೀವಿಯ ಸಾರ, ಎಲ್ಲಿಂದ ಬರುತ್ತಿತ್ತು?

ಹಳೇ ಮೇಷ್ಟ್ರು:
ಮೊಲದ ವೃಷಣದಿಂದ. 1912ರಲ್ಲಿ ನಿಕಲ್ಸ್ ಎಂಬ ಸೇನಾ ವೈದ್ಯರು ನರಮಂಡಲಕ್ಕೆ ಸಿಫಿಲಿಸ್ ಏರಿದ್ದ ಒಬ್ಬ ರೋಗಿಯ ಬೆನ್ನುಹುರಿಯ ದ್ರವವನ್ನು ಮೊಲದ ವೃಷಣಕ್ಕೆ ಚುಚ್ಚಿದರು. ಅಲ್ಲಿ ಅದು ಬೆಳೆಯಿತು. ಒಂದು ಮೊಲದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಿಸುತ್ತಾ ಬಂದರು. ಹೆಪ್ಪು ಮುಗಿಯುವ ಮೊದಲೇ ಮುಂದಿನ ಹಾಲಿಗೆ ಹಾಕಿ ಉಳಿಸಿಕೊಳ್ಳುತ್ತಾರಲ್ಲ, ಹಾಗೆ. ಅದೇ ನಿಕಲ್ಸ್ ತಳಿ. ಎರಡು ಮಹಾಯುದ್ಧ ದಾಟಿ, ಲ್ಯಾಬಿನಿಂದ ಲ್ಯಾಬಿಗೆ ಹೋಗಿ, ಇವತ್ತಿಗೂ ಉಳಿದಿದೆ. 1998ರಲ್ಲಿ ಜೀನೋಮ್ ಓದಿದ್ದೂ ಅದರದ್ದೇ.

ನಿನ್ನ ಸೆಮಿನಾರಿಗೆ ಇದನ್ನು ಬಿಡಬೇಡ. ನೊಗುಚಿಯ 1911ರ ಪ್ರಬಂಧವನ್ನೂ ನಿಕಲ್ಸ್ ಮತ್ತು ಹಫ್ 1913ರಲ್ಲಿ ಬರೆದ ಚಿಕ್ಕ ವರದಿಯನ್ನೂ ಅಕ್ಕಪಕ್ಕ ಇಡು. ಒಂದು ಪ್ರಪಂಚದಾದ್ಯಂತ ಸುದ್ದಿಯಾಯಿತು. ಇನ್ನೊಂದು ಕೆಲವೇ ಪುಟ, ಯಾರೂ ಹೊಗಳಲಿಲ್ಲ. ಆದರೆ ಆ ತಳಿ ಬೇರೆಯವರ ಕೈಗೆ ಹೋಯಿತು, ಅವರ ಮೊಲದಲ್ಲೂ ಬೆಳೆಯಿತು.

ಲ್ಯಾಬ್ ಅಕ್ಕ:
ನಾನು ಹಾಸನದ ಕಡೆ ತಾಲ್ಲೂಕು ಆಸ್ಪತ್ರೆಯಲ್ಲಿ 22 ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ದೊಡ್ಡ ದೊಡ್ಡ ಪ್ರಬಂಧ ಓದಿದವಳಲ್ಲ. ಆದರೆ ಸಿಫಿಲಿಸ್ ಅಂದ ಮೇಲೆ ಸುಮ್ಮನಿರೋಕೆ ಆಗ್ಲಿಲ್ಲ, ಯಾಕಂದ್ರೆ ನಮಗೆ ಅದು ದಿನದ ಕೆಲಸ.

ಬಸುರಿ ಹೆಂಗಸರು ಮೊದಲ ಸಲ ಬಂದಾಗ ತಾಯಿ ಕಾರ್ಡ್ ಮಾಡಿಸಿ ರಕ್ತ ಕೊಡ್ತಾರೆ. ಹಿಮೋಗ್ಲೋಬಿನ್, ಬ್ಲಡ್ ಗ್ರೂಪ್, ಎಚ್.ಐ.ವಿ., ಜೊತೆಗೆ ಸಿಫಿಲಿಸ್‌ಗೆ ವಿ.ಡಿ.ಆರ್.ಎಲ್. ಅಥವಾ ಆರ್.ಪಿ.ಆರ್. ಟೆಸ್ಟ್. ಆರ್.ಪಿ.ಆರ್. ಕಾರ್ಡಿನ ಬಿಳಿ ವೃತ್ತದಲ್ಲಿ ಒಂದು ಹನಿ ಸೀರಮ್, ಒಂದು ಹನಿ ಇದ್ದಿಲಿನ ಆಂಟಿಜೆನ್, ರೊಟೇಟರ್ ಮೇಲೆ 8 ನಿಮಿಷ. ಕಪ್ಪು ಕಾಳು ಕಾಳಾಗಿ ಒಟ್ಟುಗೂಡಿದ್ರೆ ರಿಯಾಕ್ಟಿವ್, ಅಂದ್ರೆ ಸೋಂಕಿನ ಸುಳಿವು. ಹಾಗೇ ಬೂದಿ ಕದಡಿದ ನೀರಿನಂಗೆ ಉಳಿದ್ರೆ ನಾನ್ ರಿಯಾಕ್ಟಿವ್. ಆ ಕಾಳು ಕಂಡ ದಿನ ಎದೆ ಧಸಕ್ ಅನ್ನುತ್ತೆ. ಹೊರಗೆ ಬೆಂಚ್ ಮೇಲೆ ಅವಳು, ಪಕ್ಕದಲ್ಲಿ ಅತ್ತೆ. ಅತ್ತೆ ಎದುರಿಗೆ ಹೇಳೋಕಾಗಲ್ಲ. ಏನೋ ನೆಪ ಮಾಡಿ ಒಬ್ಬಳನ್ನೇ ಒಳಗೆ ಕರೀಬೇಕು. ಗಂಡನ್ನೂ ಕರೆಸಿ ಅಂತ ಮೆತ್ತಗೆ ಹೇಳ್ಬೇಕು. ಬೆಂಜಥೈನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಸರಿಯಾದ ಸಮಯಕ್ಕೆ ಬಿದ್ರೆ ಮಗು ಉಳಿಯುತ್ತೆ. ಇವತ್ತಿಗೂ ಪೆನಿಸಿಲಿನ್‌ಗೆ ಈ ಜೀವಿ ಜಗ್ಗುತ್ತೆ, ಅದೊಂದು ಪುಣ್ಯ.

ನಾನು ಹೇಳೋಕೆ ಬಂದದ್ದು ಇಷ್ಟು. ಯಾರೋ ಬರೆದ ಪ್ರಬಂಧ ಕೊನೆಗೆ ಬಂದು ನಿಲ್ಲೋದು ಆ ಬೆಂಚಿನ ಹತ್ರ. ತಪ್ಪು ಪ್ರಬಂಧ ಆದ್ರೆ ತಪ್ಪು ಟೆಸ್ಟ್, ತಪ್ಪು ಟೆಸ್ಟ್ ಆದ್ರೆ ಒಂದು ಸಂಸಾರ ಹಾಳು. ನೊಗುಚಿ ಮಾಡಿದ ಯಾವ್ದಾದ್ರೂ ಟೆಸ್ಟ್ ಹಾಗೆ ಬಂದಿತ್ತಾ?

ಹೊರನಾಡು:
ಬಂದಿತ್ತು ಅಕ್ಕಾ. ಲ್ಯೂಟಿನ್ ಅಂತ. ಅದು ಪಟ್ಟಿಯ ಅತ್ಯಂತ ನೋವಿನ ಭಾಗ.

ತಾನು ಬೆಳೆಸಿದ ಜೀವಿಗಳನ್ನು ಕೊಂದು, ಅರೆದು, ಅದರ ಸಾರವನ್ನು ಚರ್ಮದೊಳಗೆ ಚುಚ್ಚಿದರೆ ಸಿಫಿಲಿಸ್ ಇದ್ದವರಿಗೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ ಎಂದು ನೊಗುಚಿ ಬರೆದರು. ಕ್ಷಯಕ್ಕೆ ಮಾಡುವ ಟ್ಯೂಬರ್‌ಕ್ಯುಲಿನ್ ಪರೀಕ್ಷೆಯ ಮಾದರಿಯಲ್ಲಿ. ಪರೀಕ್ಷೆಗೆ ಹೋಲಿಕೆಗಾಗಿ ಸಿಫಿಲಿಸ್ ಇಲ್ಲದವರೂ ಬೇಕಲ್ಲ. ಆಗ ಆಸ್ಪತ್ರೆಯ ಬೇರೆ ರೋಗಿಗಳಿಗೂ ನ್ಯೂಯಾರ್ಕಿನ ಅನಾಥ ಮಕ್ಕಳಿಗೂ ಚುಚ್ಚಲಾಯಿತು. ಯಾರನ್ನೂ ಕೇಳಲಿಲ್ಲ. 1912ರಲ್ಲಿ ಪ್ರಾಣಿಪ್ರಯೋಗ ವಿರೋಧಿಗಳು ಇದನ್ನು ಬಯಲಿಗೆಳೆದಾಗ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾಯಿತು. ಜೀವಿ ಸತ್ತಿದ್ದರಿಂದ ಯಾರಿಗೂ ರೋಗ ಅಂಟಲಿಲ್ಲ ಎಂಬುದು ಸಂಸ್ಥೆಯ ಸಮರ್ಥನೆ. ಅಂಟಲಿಲ್ಲ, ನಿಜ. ಆದರೆ ಆ ಮಕ್ಕಳ ಪರವಾಗಿ ಒಪ್ಪುವವರೂ ಇರಲಿಲ್ಲ, ಬೇಡ ಅನ್ನುವವರೂ ಇರಲಿಲ್ಲ.

ಮೂಲ ಜೀವಿಯೇ ಬೇರೆಯಾದ ಮೇಲೆ ಆ ಪರೀಕ್ಷೆಗೆ ನೆಲೆ ಎಲ್ಲಿಂದ ಬರಬೇಕು? ಅದು ಮೂಲೆ ಸೇರಿತು. ಪ್ರಬಂಧ ಮಾತ್ರ ಪಟ್ಟಿಯಲ್ಲಿದೆ. ತುಂಗಾ ಅವರೇ, ಪ್ರಕಟಣೆಗಳನ್ನು ತೂಗುವಾಗ "ಸರಿಯೋ ತಪ್ಪೋ" ಮಾತ್ರ ನೋಡಬೇಡಿ. ಯಾರ ಮೈಮೇಲೆ ಮಾಡಿದರು ಅನ್ನುವುದನ್ನೂ ನೋಡಿ.

ಧಾರವಾಡ ಪೇಡೆ:
ಹಂಗಾದ್ರ ಇದಕ್ಕ ಮೋಸ ಅನ್ನಬೇಕಲ್ರಿ. ಮುಚ್ಚುಮರಿ ಯಾಕ? ಸಿಫಿಲಿಸ್ ಬೆಳಸೀನಿ ಅಂದ್ರು, ಸುಳ್ಳಾತು. ಹಳದಿ ಜ್ವರದ ಜೀವಿ ಸಿಕ್ತು ಅಂದ್ರು, ಸುಳ್ಳಾತು. ಟ್ರಕೋಮಾ ಅನ್ನೋ ಕಣ್ಣಿನ ರೋಗದ ಜೀವಿ ಅಂದ್ರು, ಅದೂ ಸುಳ್ಳಾತು. ಒಂದ್ಸಲ ತಪ್ಪಾದ್ರ ತಪ್ಪು. ಇಷ್ಟು ಸಲ ಆದ್ರ?

ಹಳೇ ಮೇಷ್ಟ್ರು:
ನಾನು ಒಪ್ಪುವುದಿಲ್ಲ. ಮೋಸ ಅಂದರೆ ಇಲ್ಲದ್ದನ್ನು ಇದೆ ಅಂತ ತಿಳಿದೂ ಬರೆಯುವುದು. ಹಳದಿ ಜ್ವರದ ಕತೆಯನ್ನೇ ತೆಗೆದುಕೊಳ್ಳಿ. 1918ರಲ್ಲಿ ಈಕ್ವೆಡಾರಿನ ಗ್ವಾಯಾಕಿಲ್‌ಗೆ ಹೋಗಿ, ಹಳದಿ ಜ್ವರಕ್ಕೆ ಕಾರಣ ಲೆಪ್ಟೊಸ್ಪೈರಾ ಕುಲದ ಒಂದು ಸುರುಳಿ ಜೀವಿ ಎಂದು ಹೇಳಿದರು. ಅವರ ಕೈಗೆ ಸಿಕ್ಕ ರೋಗಿಗಳಲ್ಲಿ ಕೆಲವರಿಗೆ ಇದ್ದದ್ದು ಲೆಪ್ಟೊಸ್ಪೈರಾದಿಂದ ಬರುವ ವೈಲ್ಸ್ ರೋಗ, ಅದರಲ್ಲೂ ಕಾಮಾಲೆ ಬರುತ್ತದೆ. 1926ರಲ್ಲಿ ಥೈಲರ್ ಮತ್ತು ಸೆಲ್ಲಾರ್ಡ್ಸ್, ನೊಗುಚಿಯ ಜೀವಿಯೂ ವೈಲ್ಸ್ ರೋಗದ ಜೀವಿಯೂ ಒಂದೇ ಅಂತ ತೋರಿಸಿದರು. 1927ರಲ್ಲಿ ಆಫ್ರಿಕಾದಲ್ಲಿ ಸ್ಟೋಕ್ಸ್ ತಂಡ ಹಳದಿ ಜ್ವರ ವೈರಸ್‌ನಿಂದ ಬರುತ್ತದೆಂದು ಕೋತಿಗಳಲ್ಲಿ ಸಾಬೀತು ಮಾಡಿತು. ಆ ಕೆಲಸ ಮಾಡುತ್ತಲೇ ಸ್ಟೋಕ್ಸ್ ಅದೇ ಜ್ವರದಿಂದ ತೀರಿಕೊಂಡರು. ಆಗ ನೊಗುಚಿ ಏನು ಮಾಡಿದರು? ನ್ಯೂಯಾರ್ಕಿನಲ್ಲಿ ಕುಳಿತು ವಾದ ಮಾಡಲಿಲ್ಲ. ಆಫ್ರಿಕಾದ ಅಕ್ರಾಕ್ಕೆ ತಾವೇ ಹೋದರು. 1928ರ ಮೇ 21ರಂದು ಅಲ್ಲಿ ಹಳದಿ ಜ್ವರದಿಂದಲೇ ಸತ್ತರು. ಸುಳ್ಳು ಅಂತ ತನಗೇ ಗೊತ್ತಿರುವುದಕ್ಕೆ ಯಾರೂ ಹಾಗೆ ಜೀವ ಒಡ್ಡುವುದಿಲ್ಲ.

ತನ್ನ ಕಣ್ಣಿನ ಮೇಲೆ ಅತಿಯಾದ ನಂಬಿಕೆ. ನನಗೆ ಕಾಣುವುದು ಅದು.

ಹೊರನಾಡು:
ಮೇಷ್ಟ್ರ ಮಾತಿಗೆ ಇನ್ನೊಂದು ಸೇರಿಸಬೇಕು. ತಪ್ಪು ಒಬ್ಬರದ್ದೇ ಅಲ್ಲ. ನೊಗುಚಿಯ ಮುಖ್ಯ ಪ್ರಬಂಧಗಳು ಬಂದದ್ದು ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಮೆಡಿಸಿನ್‌ನಲ್ಲಿ. ಅದನ್ನು ಹೊರತರುತ್ತಿದ್ದದ್ದು ರಾಕ್‌ಫೆಲರ್ ಸಂಸ್ಥೆಯೇ. ಅದರ ಸಂಪಾದಕ ಸೈಮನ್ ಫ್ಲೆಕ್ಸ್‌ನರ್. ಲ್ಯಾಬುಗಳ ನಿರ್ದೇಶಕನೂ ಫ್ಲೆಕ್ಸ್‌ನರ್. 1900ರಲ್ಲಿ ಕೈಯಲ್ಲಿ ಕಾಸಿಲ್ಲದೆ ಅಮೆರಿಕಕ್ಕೆ ಬಂದ ನೊಗುಚಿಗೆ ಹಾವಿನ ವಿಷದ ಮೇಲೆ ಕೆಲಸ ಕೊಟ್ಟು ಕೈಹಿಡಿದದ್ದೂ ಅವರೇ. ಗುರು, ಯಜಮಾನ, ಸಂಪಾದಕ ಮೂರೂ ಒಬ್ಬರೇ. ಕಟುವಾದ ಪ್ರಶ್ನೆ ಕೇಳುವವರು ಯಾರು?

ನಾವು ಇವತ್ತು ಯಾರದಾದರೂ ಪಟ್ಟಿ ನೋಡುವಾಗ ಇದನ್ನೂ ನೋಡಬೇಕು. ಪ್ರಬಂಧಗಳೆಲ್ಲ ಒಂದೇ ಪತ್ರಿಕೆಯಲ್ಲಿ ಇದ್ದು, ಆ ಪತ್ರಿಕೆಯ ಮಂಡಳಿಯಲ್ಲಿ ಅವರ ಗುರುವೋ ಸಹೋದ್ಯೋಗಿಯೋ ಇದ್ದರೆ, ಒಂದು ಕ್ಷಣ ನಿಲ್ಲಬೇಕು.

ತುಂಗಾ ತೀರ:
ಇದನ್ನೆಲ್ಲ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಅನಾಥ ಮಕ್ಕಳ ವಿಷಯ ನನಗೆ ಗೊತ್ತೇ ಇರಲಿಲ್ಲ.

ಒಂದು ಸಂಶಯ. ಹಾಗಿದ್ದರೆ ಆ 200ರಲ್ಲಿ ನಿಂತದ್ದು ಯಾವುದೂ ಇಲ್ಲವೇ?

ಹಳೇ ಮೇಷ್ಟ್ರು:
ಇದೆ, ಮಗೂ. ನಾನು ಅದನ್ನೇ ಕಾಯುತ್ತಿದ್ದೆ.

1913. ಆಗಿನ ಮಾನಸಿಕ ಆಸ್ಪತ್ರೆಗಳಲ್ಲಿ ಜನರಲ್ ಪ್ಯಾರಾಲಿಸಿಸ್ ಅಂತ ಒಂದು ಕಾಯಿಲೆಯವರು ತುಂಬಿಕೊಂಡಿದ್ದರು. ನಡುವಯಸ್ಸಿನ ಗಂಡಸರು ಹೆಚ್ಚು. ಮೊದಲು ಮಾತು ತೊದಲುವುದು, ಆಮೇಲೆ ತಾನೇ ರಾಜ ಎನ್ನುವಂಥ ಭ್ರಮೆ, ಕೊನೆಗೆ ಕೈಕಾಲು ಬಿದ್ದುಹೋಗಿ ಸಾವು. ಸಿಫಿಲಿಸ್‌ಗೂ ಇದಕ್ಕೂ ನಂಟಿದೆ ಅಂತ ಅನುಮಾನ ಇತ್ತು, ವಾಸರ್‌ಮನ್ ಪರೀಕ್ಷೆಯೂ ಅದನ್ನೇ ಸೂಚಿಸುತ್ತಿತ್ತು. ಆದರೆ ಮಿದುಳಿನಲ್ಲಿ ಜೀವಿಯನ್ನು ಯಾರೂ ಕಂಡಿರಲಿಲ್ಲ. ಇದು ಸಿಫಿಲಿಸ್ ಆದಮೇಲೆ ಬರುವ ಯಾವುದೋ ಸವಕಳಿ ಇರಬೇಕು, ಜೀವಿ ಅಲ್ಲಿ ಇರಲಾರದು ಅಂತ ಎಷ್ಟೋ ಜನ ನಂಬಿದ್ದರು.

ಜೆ. ಡಬ್ಲ್ಯು. ಮೂರ್ ಎಂಬ ವೈದ್ಯರು ಮಿದುಳುಗಳನ್ನು ಒದಗಿಸಿದರು, 70 ಮಿದುಳು. ನೊಗುಚಿ ಅವುಗಳ ತೆಳು ಪದರ ಕೊಯ್ದು ಲೆವಡಿಟಿಯ ಬೆಳ್ಳಿ ವಿಧಾನವನ್ನು ತುಸು ಬದಲಿಸಿ ಬಣ್ಣ ಹಾಕಿದರು. ಆ ಬಣ್ಣದಲ್ಲಿ ಅಂಗಾಂಶ ಹಳದಿ ಕಂದು, ಜೀವಿ ಕಪ್ಪು. ಆದರೆ ನರದ ಎಳೆಗಳೂ ಕಪ್ಪಾಗುತ್ತವೆ, ಅದೇ ಗೋಳು. ಸಾವಿರ ಕಪ್ಪು ಎಳೆಗಳ ನಡುವೆ ಸುರುಳಿ ಇರುವ ಎಳೆ ಯಾವುದು ಅಂತ ಹುಡುಕಬೇಕು. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಬೆಳ್ಳಿ ಸ್ಲೈಡನ್ನು ಮೂರು ಗಂಟೆ ನೋಡಿ ಕಣ್ಣು ನೀರಾಡಿ ಬಿಟ್ಟುಬಿಟ್ಟಿದ್ದೆ. ಅವರು ರಾತ್ರಿಗಳನ್ನೇ ಕಳೆದರು. 70ರಲ್ಲಿ ಎಲ್ಲದರಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಕೆಲವರಲ್ಲಿ ಮಾತ್ರ. ಎಷ್ಟರಲ್ಲಿ ಸಿಗಲಿಲ್ಲ ಅಂತಲೂ ಬರೆದರು. ನೊಗುಚಿ ಮತ್ತು ಮೂರ್ ಹೆಸರಿನಲ್ಲಿ ಬಂದ ಆ ಪ್ರಬಂಧ ಕೆಲವೇ ಪುಟದ್ದು.

ಅದನ್ನು ಬೇರೆಯವರು ಮಾಡಿ ನೋಡಿದರು. ಅವರಿಗೂ ಸಿಕ್ಕಿತು. ಹುಚ್ಚು ಎಂದು ಕೈತೊಳೆದುಕೊಂಡಿದ್ದ ಒಂದು ದೊಡ್ಡ ಗುಂಪಿನ ರೋಗಿಗಳ ಕಾಯಿಲೆ, ಮಿದುಳಿನಲ್ಲಿ ಜೀವಂತ ಇರುವ ಒಂದು ಸೋಂಕು ಅಂತ ಖಚಿತವಾಯಿತು. ಕಾರಣ ಗೊತ್ತಾದದ್ದರಿಂದಲೇ ಮುಂದೆ ಪೆನಿಸಿಲಿನ್ ಬಂದಾಗ ಅದನ್ನು ಇವರಿಗೂ ಕೊಡಬೇಕು ಅಂತ ಯಾರೂ ಅನುಮಾನಿಸಲಿಲ್ಲ.

ಅದೇ ಕಣ್ಣು, ಅದೇ ತಾಳ್ಮೆ. ಕೊಳವೆಯಲ್ಲಿ ಅವರಿಗೆ ಮೋಸವಾಯಿತು, ಗಾಜಿನ ಮೇಲೆ ಆಗಲಿಲ್ಲ. ಯಾಕೆಂದರೆ ಸತ್ತ ರೋಗಿಯ ಮಿದುಳಿನ ಆಳದಲ್ಲಿ ಬಾಯಿಯ ಸುರುಳಿ ಜೀವಿ ಬಂದು ಕೂರುವುದಿಲ್ಲ.

ಕಡಲ ಕರೆ:
ಇನ್ನೊಂದು ನಿಂತದ್ದು ನಮ್ಮ ಊರಿನಲ್ಲಿ ದಿನಾ ಬಾಯಿಗೆ ಬರ್ತದೆ. ಲೆಪ್ಟೊಸ್ಪೈರಾ ಎಂಬ ಕುಲಕ್ಕೆ ಆ ಹೆಸರು ಇಟ್ಟದ್ದು ನೊಗುಚಿ, 1917ರಲ್ಲಿ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಇಲಿ ಜ್ವರ ಬರ್ತದಲ್ಲ, ದಕ್ಷಿಣ ಕನ್ನಡ, ಉಡುಪಿ, ನಿಮ್ಮ ಶಿವಮೊಗ್ಗದಲ್ಲಿಯೂ. ಕೇಸ್ ಶೀಟಿನಲ್ಲಿ ನಾನು ಲೆಪ್ಟೊ ಅಂತ ಬರೆಯುವಾಗೆಲ್ಲ ಅದು ಅವರು ಕೊಟ್ಟ ಹೆಸರು. ಇದೇ ಕುಲವನ್ನು ಮರುವರ್ಷ ಹಳದಿ ಜ್ವರಕ್ಕೆ ಅಂಟಿಸಿ ಎಡವಿದ್ದು ನೋಡಿದರೆ ಬೇಸರ ಆಗ್ತದೆ. ಪೆರುವಿನ ಓರೊಯಾ ಜ್ವರ ಮತ್ತು ವೆರುಗಾ ಎಂಬ ಗಂಟುಗಳ ಕಾಯಿಲೆ, ಎರಡೂ ಒಂದೇ ಜೀವಿಯಿಂದ ಅಂತ 1926ರಲ್ಲಿ ತೋರಿಸಿದ್ದೂ ಸರಿಯೇ ಇದೆ.

ಧಾರವಾಡ ಪೇಡೆ:
ಮೇಷ್ಟ್ರ, ಮೋಸ ಅನ್ನೋ ಮಾತು ವಾಪಸ್ ತಗೋತೀನಿ. ಲ್ಯೂಟಿನ್ ವಿಷಯಕ್ಕ ಮಾತ್ರ ನನ್ನ ಸಿಟ್ಟು ಹಂಗ ಐತಿ.

ಹೊರನಾಡು:
ಸಿಟ್ಟು ಇರಲಿ, ಇರಬೇಕಾದದ್ದೇ.

ತುಂಗಾ ಅವರೇ, ಹೋಲಿಕೆಗೆ ಇನ್ನೊಂದು ಉದಾಹರಣೆ ಬೇಕಾದರೆ ಮೈಕೊಪ್ಲಾಸ್ಮಾ ಜೆನಿಟೇಲಿಯಂ ಎಂಬ ಬ್ಯಾಕ್ಟೀರಿಯಾ ನೋಡಿ. 1981ರಲ್ಲಿ ಟುಲ್ಲಿ, ಟೇಲರ್ ರಾಬಿನ್ಸನ್ ಮುಂತಾದವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಮೂತ್ರನಾಳದ ಉರಿಯೂತ ಇದ್ದ 13 ಗಂಡಸರಲ್ಲಿ ಇಬ್ಬರಿಂದ ಮಾತ್ರ ಜೀವಿ ಬೆಳೆದಿತ್ತು. ಕೇವಲ ಇಬ್ಬರು! ಆದರೆ ತಳಿಯನ್ನು ಕೂಡಿಟ್ಟು ಬೇರೆಯವರಿಗೆ ಸಿಗುವಂತೆ ಮಾಡಿದರು. ಈ ಜೀವಿ ಬೆಳೆಯುವುದು ಎಷ್ಟು ನಿಧಾನವೆಂದರೆ, ಮುಂದಿನ ಹತ್ತು ವರ್ಷ ಅದರ ಬಗ್ಗೆ ಹೇಳಿಕೊಳ್ಳುವಂಥ ಪ್ರಗತಿಯೇ ಆಗಲಿಲ್ಲ. 1991ರ ಹೊತ್ತಿಗೆ ಪಿ.ಸಿ.ಆರ್. ಬಂದ ಮೇಲೆ ಕೋಪನ್‌ಹೇಗನ್ನಿನ ಯೆನ್ಸನ್ ಮುಂತಾದವರು ಅದನ್ನು ರೋಗಿಗಳಲ್ಲಿ ಹುಡುಕತೊಡಗಿದರು. 1995ರಲ್ಲಿ ಜೀನೋಮ್ ಓದಿದ್ದೂ ಆ ಇಬ್ಬರಲ್ಲಿ ಒಬ್ಬರಿಂದ ಬಂದ ಜಿ37 ತಳಿಯದ್ದೇ. ಯೆನ್ಸನ್ ಪಟ್ಟಿಯನ್ನು ವರ್ಷದ ಕ್ರಮದಲ್ಲಿ ಓದಿದರೆ ಒಂದೇ ಜೀವಿಯ ಹಿಂದೆ ಹೋದ ಕಾಲುದಾರಿ ಕಾಣುತ್ತದೆ: ಮೊದಲು ಪತ್ತೆ, ಆಮೇಲೆ ಬೆಳೆಸುವುದು, ಆಮೇಲೆ ಅಜಿತ್ರೊಮೈಸಿನ್ ಔಷಧ ಯಾಕೆ ಕೈಕೊಡುತ್ತಿದೆ ಅನ್ನುವುದು.

ಹಳೇ ಮೇಷ್ಟ್ರು:
ನಮ್ಮ ಕಡೆಯದ್ದೂ ಒಂದಿದೆ. ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್ 1905ರಲ್ಲಿ ಜನನಾಂಗದ ಮೇಲೆ ಹಬ್ಬುತ್ತಾ ಹೋಗುವ ಹುಣ್ಣಿನ ಕಾಯಿಲೆಯಲ್ಲಿ ಕೋಶಗಳೊಳಗೆ ಚಿಕ್ಕ ಚಿಕ್ಕ ಕಾಯಗಳನ್ನು ಕಂಡು ಬರೆದರು. ಅದು ಪ್ರೊಟೊಜೋವಾ ಅಂದುಕೊಂಡರು, ಅದು ತಪ್ಪಾಯಿತು. ಅದು ಬ್ಯಾಕ್ಟೀರಿಯಾ. ಹೆಸರು ಬದಲಾಗುತ್ತಾ ಬಂದು 1999ರಲ್ಲಿ ಕ್ಲೆಬ್ಸಿಯೆಲ್ಲಾ ಗುಂಪಿಗೆ ಸೇರಿಸಬೇಕೆಂಬ ಪ್ರಸ್ತಾಪ ಬಂತು. ಆದರೆ ಅವರು ಕಂಡದ್ದನ್ನು ಕಂಡಂತೆ ಬರೆದಿದ್ದರು. ಅದಕ್ಕೇ ಇಂದಿಗೂ ಸ್ಲೈಡಿನಲ್ಲಿ ಕಾಣುವುದಕ್ಕೆ ಡೊನೊವನ್ ಕಾಯ ಅಂತಲೇ ಹೇಳುತ್ತೇವೆ. ವಿವರಣೆ ತಪ್ಪಿದರೂ ವರ್ಣನೆ ಉಳಿಯಿತು.

ಲ್ಯಾಬ್ ಅಕ್ಕ:
ಮೇಷ್ಟ್ರೇ, ಎಷ್ಟರಲ್ಲಿ ಸಿಗಲಿಲ್ಲ ಅಂತ ಬರೆದ್ರು ಅಂದ್ರಲ್ಲ, ಅದು ನನಗೆ ಹಿಡಿಸ್ತು. ಮೈಸೂರಿನಲ್ಲಿ 2005, 2006ರಲ್ಲಿ ಒಂದು ಅಧ್ಯಯನ ಆಗಿತ್ತು, ಹೆಂಗಸರ ಯೋನಿಯ ಸೋಂಕಿನ ಬಗ್ಗೆ. ಒಂದು ಟ್ರೈನಿಂಗ್‌ನಲ್ಲಿ ನಮಗೆ ಅದನ್ನ ಓದಿಸಿದ್ರು. ಸೇರಿಸಿಕೊಂಡದ್ದು 898 ಹೆಂಗಸರನ್ನ. ಬ್ಯಾಕ್ಟೀರಿಯಾ ಕಾಣೋಕೆ ಬಣ್ಣ ಹಾಕಿದ ಗ್ರಾಂ ಸ್ಟೇನ್ ಸ್ಲೈಡ್ ಓದೋಕೆ ಸಿಕ್ಕಿದ್ದು 863. ಅದರಲ್ಲಿ 165 ಜನಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇತ್ತು, ಶೇಕಡಾ 19.1. ಆ 35 ಸ್ಲೈಡ್ ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ರಲ್ಲ, ಅದು ಲ್ಯಾಬಿನವರಿಗೆ ಅರ್ಥ ಆಗುತ್ತೆ. ಸ್ಲೈಡ್ ಒಡೆಯುತ್ತೆ, ಸ್ಟೇನ್ ತೊಳೆದು ಹೋಗುತ್ತೆ, ಲೇಬಲ್ ಅಳಿಸಿ ಹೋಗುತ್ತೆ. ಎಲ್ಲಾ ನೂರಕ್ಕೆ ನೂರು ಸಿಕ್ತು ಅಂತ ಯಾರಾದ್ರೂ ಬರೆದ್ರೆ ನನಗೆ ನಂಬಿಕೆ ಬರಲ್ಲ.

ತಂಗೀ, ಇನ್ನೊಂದು ಮಾತು. ನೀನು ಪ್ಯಾಲಿಡಮ್ ನೋಡೋಕಂತೂ ಆಗಲ್ಲ. ಆದ್ರೆ ನೊಗುಚಿಗೆ ಯಾಕೆ ಕಣ್ಣು ತಪ್ಪಿತು ಅಂತ ನೋಡಬಹುದು. ಹಲ್ಲಿನ ಸಂದಿಯಲ್ಲಿ ಸುರುಳಿ ಜೀವಿ ಇರುತ್ತೆ. ಕಾಲೇಜಿನ ಮಾಮೂಲಿ ಮೈಕ್ರೋಸ್ಕೋಪೇ ಸಾಕು. ಕಂಡೆನ್ಸರ್ ಕೆಳಗೆ ಫಿಲ್ಟರ್ ಇಡೋ ಬಳೆ ಇರುತ್ತಲ್ಲ, ಅದರ ನಡುವೆ ಕಪ್ಪು ಕಾಗದದ ಒಂದು ಗುಂಡು ಬಿಲ್ಲೆ ಅಂಟಿಸು. ಡಾರ್ಕ್ ಫೀಲ್ಡ್ ಆಗುತ್ತೆ, ಅಂದ್ರೆ ಕಪ್ಪು ಹಿನ್ನೆಲೆಯಲ್ಲಿ ಜೀವಿ ಹೊಳೆಯುತ್ತೆ. ನಿಮ್ಮ ಸಾರ್‌ಗೆ ಹೇಳಿ, ಅವರು ಇದ್ದಾಗಲೇ ಮಾಡು.

ಧಾರವಾಡ ಪೇಡೆ:
ಅಕ್ಕಾ, ಭಾರಿ ಐಡಿಯಾ ಕೊಟ್ರಿ!

ತಂಗಿ, ವೈದ್ಯಕೀಯ ಪ್ರಬಂಧಗಳ ಪಟ್ಟಿ ಇರೋ ಪಬ್‌ಮೆಡ್‌ನಾಗ ಹುಡುಕುವಾಗ ಒಂದು ಎಚ್ಚರ. ಹಳೇ ಪ್ರಬಂಧದಾಗ ಪೂರ್ತಿ ಹೆಸರು ಇರಂಗಿಲ್ಲ, ಇನಿಶಿಯಲ್ ಅಷ್ಟ. "ನೊಗುಚಿ ಎಚ್" ಅಂತ ಹೊಡದ್ರ ಬ್ಯಾರೆ ಬ್ಯಾರೆ ನೊಗುಚಿಗೋಳು ಬರ್ತಾರ. ನಮ್ಮ "ಕುಮಾರ್ ಎಸ್", "ಪಾಟೀಲ ಎಸ್" ಗತೆನ. ವರ್ಷ ಮತ್ತ ಸಂಸ್ಥೆ ಎರಡೂ ತಾಳೆ ನೋಡಿ ಸೇರಿಸು.

ತುಂಗಾ ತೀರ:
ಇವತ್ತು ಮಾಡಿದೆವು!

ನಮ್ಮ ಸಾರ್ ಮೊದಲು ನಕ್ಕರು, ಆಮೇಲೆ ಅವರೇ ಕತ್ತರಿ ತಂದು ಬಿಲ್ಲೆ ಕತ್ತರಿಸಿದರು. ಮೊದಲ ಬಿಲ್ಲೆ ಚಿಕ್ಕದಾಯಿತು, ಹಿನ್ನೆಲೆ ಬೂದು ಬಣ್ಣವಾಗಿಯೇ ಉಳಿಯಿತು. ಎರಡನೆಯದು ಸರಿಹೋಯಿತು. ನನ್ನದೇ ದವಡೆ ಹಲ್ಲಿನ ಒಸಡಿನಿಂದ ಟೂತ್‌ಪಿಕ್‌ನಲ್ಲಿ ಕೆರೆದು, ಒಂದು ಹನಿ ಸಲೈನ್‌ನಲ್ಲಿ ಕದಡಿ, ಕವರ್‌ಸ್ಲಿಪ್ ಮುಚ್ಚಿದೆ. 10ಎಕ್ಸ್‌ನಲ್ಲಿ ಬರೀ ಚುಕ್ಕಿಗಳು, ಅಮಾವಾಸ್ಯೆಯ ಆಕಾಶದ ಹಾಗೆ. 40ಎಕ್ಸ್‌ಗೆ ತಿರುಗಿಸಿ ಫೈನ್ ಫೋಕಸ್ ಮಾಡುತ್ತಿದ್ದಂತೆ ಕೂದಲಿಗಿಂತ ಎಷ್ಟೋ ತೆಳ್ಳಗಿನ ಒಂದು ಬೆಳ್ಳಿ ಎಳೆ, ಪೆನ್ನಿನ ಸ್ಪ್ರಿಂಗ್ ಹಾಗೆ ಸುತ್ತಿಕೊಂಡು, ತನ್ನ ಸುತ್ತ ತಾನೇ ತಿರುಗುತ್ತಾ ನಡುವೆ ಒಮ್ಮೆ ಬಾಗಿ ಮುಂದೆ ಹೋಯಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಏಳೆಂಟು. ನಾನು ಕಿರುಚಿಯೇ ಬಿಟ್ಟೆ. ಇಡೀ ತರಗತಿ ಸಾಲುಗಟ್ಟಿ ನೋಡಿತು.

ಪುಸ್ತಕದಲ್ಲಿ ಪ್ಯಾಲಿಡಮ್ ಬಗ್ಗೆ ಬರೆದಿರುವುದೂ ಇದೇ ಮಾತು: ಸುರುಳಿ, ತಿರುಪಿನಂಥ ಚಲನೆ, ನಡುವೆ ಬಾಗುವುದು. ಪುಸ್ತಕ ತೆರೆದು ಪಕ್ಕದಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡಿದೆ. ನನಗೆ ಒಂದೇ ಒಂದು ವ್ಯತ್ಯಾಸ ಹೇಳಲು ಆಗಲಿಲ್ಲ.

ಸೆಮಿನಾರ್ ಬರುವ ಮಂಗಳವಾರ. 200 ಅನ್ನುವ ಅಂಕಿ ತೆಗೆದಿದ್ದೇನೆ. ಐದೇ ಪ್ರಬಂಧ ಇಟ್ಟುಕೊಂಡಿದ್ದೇನೆ: 1911ರ ಕೊಳವೆ, ಲ್ಯೂಟಿನ್, 1913ರ ಮಿದುಳು, 1917ರ ಹೆಸರು, ಹಳದಿ ಜ್ವರ. ಪ್ರತಿಯೊಂದರ ಎದುರು, ಅದನ್ನು ಆಮೇಲೆ ಯಾರು ಮಾಡಿ ನೋಡಿದರು, ಏನು ಸಿಕ್ಕಿತು, ಅಂತ ಒಂದು ಸಾಲು. ಲ್ಯೂಟಿನ್ ಎದುರು ಆ ಮಕ್ಕಳ ವಿಷಯವೂ. ಮೊಬೈಲ್‌ನಲ್ಲಿ ತೆಗೆದ ಫೋಟೋ ಹಾಕಿದ್ದೇನೆ ನೋಡಿ. ಲ್ಯಾಬ್ ಅಕ್ಕಾ, ಮೇಷ್ಟ್ರೇ, ಇದು ಬಾಯಿಯದ್ದೇ ಅಂತ ನೋಡಿದ ಕೂಡಲೇ ಹೇಳಬಹುದಾ?

ಲ್ಯಾಬ್ ಅಕ್ಕ:
ಇಲ್ಲ ಕಣಮ್ಮ, ಹೇಳೋಕಾಗಲ್ಲ. ಅದಕ್ಕೇ ಬಾಯಿ ಹುಣ್ಣಿಗೆ ಡಾರ್ಕ್ ಫೀಲ್ಡ್ ಮಾಡಿ ಸಿಫಿಲಿಸ್ ಅಂತ ರಿಪೋರ್ಟ್ ಕೊಡಬಾರದು ಅಂತ ನಮಗೆ ಕಲಿಸಿರೋದು.

ಹಳೇ ಮೇಷ್ಟ್ರು:
ನನಗೂ ಆಗುವುದಿಲ್ಲ. ಮಿದುಳಿನ ಸ್ಲೈಡಿಗೆ ಮೊದಲು ಈ ಫೋಟೋ ಹಾಕು.